ಅಂಧರಿಗೆ ಮೊಬೈಲ್ ಎಲ್ಲವನ್ನೂ ಓದಿ ಹೇಳುತ್ತದೆಯೇ? ನಾವು ಕಳಿಸುವ ಫಾರ್ವರ್ಡ್‌ಗಳಲ್ಲೇ ಇದೆ ಉತ್ತರ

ವಾಟ್ಸ್ಆ್ಯಪ್ ಗ್ರೂಪ್ ಒಂದಕ್ಕೆ ಒಂದೇ ಸುದ್ದಿ ಎರಡು ರೂಪದಲ್ಲಿ ಬಂದಿದೆ ಎಂದುಕೊಳ್ಳಿ. ಒಂದರಲ್ಲಿ 'ವಿದ್ಯಾರ್ಥಿವೇತನದ ಅರ್ಜಿಗೆ ಶುಕ್ರವಾರ ಕೊನೆಯ ದಿನ' ಎಂದು ಟೈಪ್ ಮಾಡಲಾಗಿದೆ. ಇನ್ನೊಂದರಲ್ಲಿ ಅದೇ ಮಾತು ಬಣ್ಣದ ಚೌಕಟ್ಟಿರುವ ಚಿತ್ರವಾಗಿ ಬಂದಿದೆ. ಕಣ್ಣು ಕಾಣುವವರಿಗೆ ಎರಡೂ ಒಂದೇ. ಆದರೆ ಅದೇ ಗ್ರೂಪ್‌ನಲ್ಲಿರುವ ಅಂಧ ವಿದ್ಯಾರ್ಥಿಯ ಫೋನ್ ಮೊದಲನೆಯದನ್ನು ಕನ್ನಡದಲ್ಲಿ ಓದಿ ಹೇಳುತ್ತದೆ. ಎರಡನೆಯದು ಬಂದಾಗ ಸಾಮಾನ್ಯವಾಗಿ 'ಫೋಟೊ' ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತದೆ. ಕೊನೆಯ ದಿನ ಯಾವುದು ಎಂಬುದು ಅವರಿಗೆ ತಲುಪುವುದೇ ಇಲ್ಲ.

ಅಂಧರ ಓದಿನ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತುಗಳಿವೆ. 'ಕಣ್ಣು ಕಾಣದವರು ಟಚ್‌ಸ್ಕ್ರೀನ್ ಫೋನ್ ಬಳಸುವುದು ಹೇಗೆ ಸಾಧ್ಯ?' ಎಂಬುದು ಒಂದು. 'ಈಗ ಟೆಕ್ನಾಲಜಿ ಬಂದಿದೆ, ಎಲ್ಲವನ್ನೂ ಮೊಬೈಲೇ ಓದಿ ಹೇಳುತ್ತದೆ' ಎಂಬುದು ಇನ್ನೊಂದು. ಮೊದಲನೆಯದು ತಪ್ಪು. ಎರಡನೆಯದು ಅರ್ಧ ಮಾತ್ರ ಸರಿ. ಯಾಕೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಫೋನ್ ಮತ್ತು ಕಂಪ್ಯೂಟರ್‌ನಲ್ಲಿರುವ ಪಠ್ಯವನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಇಂದಿನ ಬಹುತೇಕ ಸ್ಮಾರ್ಟ್‌ಫೋನ್‌ಗಳಲ್ಲಿ ಇದು ಮೊದಲೇ ಇರುತ್ತದೆ, ಉಚಿತ.
• ಇದು ಓದುವುದು ಟೈಪ್ ಮಾಡಿದ ಅಕ್ಷರಗಳನ್ನು. ಚಿತ್ರದೊಳಗಿನ ಅಕ್ಷರ, ಸ್ಕ್ಯಾನ್ ಮಾಡಿದ ಪಿಡಿಎಫ್, ಹಳೆಯ ಫಾಂಟ್‌ನಲ್ಲಿರುವ ಕನ್ನಡ ಇದಕ್ಕೆ ತೊಡಕು.
• ಬ್ರೈಲ್ ಲಿಪಿಯ ಕಾಲ ಮುಗಿದಿಲ್ಲ.
• ಸಂದೇಶವನ್ನು ಪಠ್ಯವಾಗಿ ಕಳಿಸಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಮೊದಲು ಬಂದದ್ದು ಆರು ಚುಕ್ಕಿ

ಲೂಯಿ ಬ್ರೈಲ್ 1809ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದವರು. ಮೂರನೇ ವಯಸ್ಸಿನಲ್ಲಿ ಅಪ್ಪನ ಚರ್ಮದ ಕೆಲಸದ ಅಂಗಡಿಯಲ್ಲಿ ಚೂಪಾದ ಉಪಕರಣವೊಂದು ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ ದೃಷ್ಟಿ ಪೂರ್ತಿ ಹೋಯಿತು. ಆಗ ಅಂಧರಿಗಾಗಿ ಇದ್ದ ಪುಸ್ತಕಗಳಲ್ಲಿ ಸಾಮಾನ್ಯ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿ ಅಚ್ಚು ಹಾಕುತ್ತಿದ್ದರು. ಒಂದೊಂದು ಅಕ್ಷರವನ್ನೂ ತಡವಿ ಗುರುತಿಸಬೇಕಿತ್ತು. ಓದುವುದು ಬಹಳ ನಿಧಾನ, ಸ್ವತಃ ಬರೆಯುವುದಂತೂ ಇನ್ನೂ ಕಷ್ಟ.

ಚಾರ್ಲ್ಸ್ ಬಾರ್ಬಿಯೆ ಎಂಬವರು 12 ಚುಕ್ಕಿಗಳ ಒಂದು ಲಿಪಿ ರೂಪಿಸಿದ್ದರು. ಅದು ಒಂದು ಬೆರಳ ತುದಿಗೆ ಒಮ್ಮೆಲೇ ಸಿಗದಷ್ಟು ದೊಡ್ಡದಾಗಿತ್ತು. ಬ್ರೈಲ್ ಅದನ್ನು 6 ಚುಕ್ಕಿಗೆ ಇಳಿಸಿದರು. ಎರಡು ಸಾಲು, ಸಾಲಿಗೆ ಮೂರು ಚುಕ್ಕಿ. ಯಾವ ಚುಕ್ಕಿ ಉಬ್ಬಿದೆ, ಯಾವುದು ಇಲ್ಲ ಎಂಬುದರ ಮೇಲೆ 63 ಗುರುತುಗಳು ಸಿಗುತ್ತವೆ. 1829ರಲ್ಲಿ ಇದನ್ನು ಪ್ರಕಟಿಸಿದಾಗ ಅವರಿಗೆ 20 ವರ್ಷ.

ಭಾರತದ ಭಾಷೆಗಳಿಗೆಂದು 1951ರಲ್ಲಿ ಭಾರತಿ ಬ್ರೈಲ್ ಎಂಬ ಏಕರೂಪದ ವ್ಯವಸ್ಥೆ ಬಂತು. ಒಂದೇ ಉಚ್ಚಾರಣೆಯ ಅಕ್ಷರಕ್ಕೆ ಎಲ್ಲ ಭಾಷೆಗಳಲ್ಲೂ ಆದಷ್ಟು ಒಂದೇ ಗುರುತು ಎಂಬುದು ಅದರ ತತ್ವ. ಕನ್ನಡದ 'ಕ' ಬರೆಯಲು 1 ಮತ್ತು 3ನೇ ಚುಕ್ಕಿ. ಹಿಂದಿಯ 'ಕ' ಕೂಡ ಅದೇ, ಇಂಗ್ಲಿಷ್‌ನ 'ಕೆ' ಕೂಡ ಅದೇ. ಕಣ್ಣಿಗೆ ಕಾಣುವ ಲಿಪಿಗಳು ಬೇರೆ ಬೇರೆಯಾದರೂ ಬೆರಳಿಗೆ ಸಿಗುವ ಲಿಪಿ ಬಹುಮಟ್ಟಿಗೆ ಒಂದೇ.

ತೊಂದರೆ ಇದ್ದದ್ದು ಪುಸ್ತಕದ ಗಾತ್ರದಲ್ಲಿ. ಬ್ರೈಲ್ ಅಕ್ಷರಕ್ಕೆ ಜಾಗ ಹೆಚ್ಚು ಬೇಕು, ಕಾಗದ ದಪ್ಪವಿರಬೇಕು. ಕೈಯಲ್ಲಿ ಹಿಡಿಯುವಂಥ ಒಂದು ಪಠ್ಯಪುಸ್ತಕ ಬ್ರೈಲ್‌ನಲ್ಲಿ ಹಲವು ಸಂಪುಟಗಳಾಗುತ್ತದೆ. ಅಚ್ಚು ಹಾಕುವ ಯಂತ್ರ ದುಬಾರಿ, ಸಾಗಿಸುವುದೂ ಕಷ್ಟ. ಹಾಗಾಗಿ ಬ್ರೈಲ್ ಕಲಿತವರಿಗೂ ಓದಲು ಸಿಗುತ್ತಿದ್ದ ಪುಸ್ತಕಗಳು ಬೆರಳೆಣಿಕೆಯಷ್ಟು.

ಪುಸ್ತಕಕ್ಕೆ ದನಿ ಬಂದದ್ದು

1930ರ ದಶಕದಲ್ಲಿ ಅಮೆರಿಕ ಮತ್ತು ಬ್ರಿಟನ್‌ನಲ್ಲಿ ಗ್ರಾಮಫೋನ್ ಪ್ಲೇಟ್‌ಗಳಲ್ಲಿ 'ಮಾತಾಡುವ ಪುಸ್ತಕ'ಗಳು ಬಂದವು. ಯಾರೋ ಒಬ್ಬರು ಪುಸ್ತಕವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವುದು, ಅಂಧರು ಅದನ್ನು ಮನೆಯಲ್ಲಿ ಕೇಳುವುದು. ಆಮೇಲೆ ಕ್ಯಾಸೆಟ್, ಸಿಡಿ ಬಂದವು. ಬೆಂಗಳೂರಿನಲ್ಲಿ 1990ರಲ್ಲಿ ಆರಂಭವಾದ ಮಿತ್ರ ಜ್ಯೋತಿ ಸಂಸ್ಥೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಇಂಥ ಧ್ವನಿ ಪುಸ್ತಕಗಳನ್ನು ತಯಾರಿಸುತ್ತಾ ಬಂದಿದೆ. ಓದುವವರು ಹೆಚ್ಚಾಗಿ ಸ್ವಯಂಸೇವಕರು.

ಕ್ಯಾಸೆಟ್‌ಗೆ ಒಂದು ದೊಡ್ಡ ಮಿತಿ ಇತ್ತು. ಪುಸ್ತಕದ 140ನೇ ಪುಟ ಬೇಕೆಂದರೆ ಅಂದಾಜಿನಲ್ಲಿ ಹಿಂದೆ ಮುಂದೆ ಓಡಿಸುತ್ತಾ ಕೂರಬೇಕು. ಪರೀಕ್ಷೆಗೆ ಓದುವವರಿಗೆ ಇದು ದೊಡ್ಡ ತಲೆನೋವು. 1996ರಲ್ಲಿ ಬೇರೆ ಬೇರೆ ದೇಶಗಳ ಧ್ವನಿ ಗ್ರಂಥಾಲಯಗಳು ಸೇರಿ ಡೈಸಿ ಎಂಬ ಒಕ್ಕೂಟ ಕಟ್ಟಿದವು. ಅದೇ ಹೆಸರಿನ ಡಿಜಿಟಲ್ ಪುಸ್ತಕದಲ್ಲಿ ಅಧ್ಯಾಯ, ಉಪಶೀರ್ಷಿಕೆ, ಪುಟದ ಸಂಖ್ಯೆ ಹಿಡಿದು ನೇರವಾಗಿ ಬೇಕಾದ ಜಾಗಕ್ಕೆ ಹೋಗಬಹುದು, ಗುರುತು ಹಾಕಿಟ್ಟುಕೊಳ್ಳಬಹುದು.

ಈ ನಡುವೆ 1976ರಲ್ಲಿ ಅಮೆರಿಕದ ರೇ ಕರ್ಜ್‌ವೈಲ್ ಒಂದು ಯಂತ್ರವನ್ನು ಜನರ ಮುಂದಿಟ್ಟರು. ಅಚ್ಚಾದ ಪುಟವನ್ನು ಅದರ ಮೇಲಿಟ್ಟರೆ ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸಿ, ಕೃತಕ ದನಿಯಲ್ಲಿ ಓದಿ ಹೇಳುತ್ತಿತ್ತು. ಇಡೀ ಮೇಜನ್ನೇ ಆವರಿಸುವಷ್ಟು ದೊಡ್ಡ ಯಂತ್ರ ಅದು. ಅಂಧ ಗಾಯಕ ಸ್ಟೀವಿ ವಂಡರ್ ಅದನ್ನು ಕೊಂಡ ಮೊದಲಿಗರಲ್ಲಿ ಒಬ್ಬರು. ಸಾಮಾನ್ಯರು ಕೊಳ್ಳುವ ಬೆಲೆ ಅದಕ್ಕಿರಲಿಲ್ಲ. ಅಂದು ಆ ಯಂತ್ರ ಮಾಡುತ್ತಿದ್ದ ಕೆಲಸವನ್ನು ಇಂದು ಜೇಬಿನಲ್ಲಿರುವ ಫೋನ್ ಮಾಡುತ್ತದೆ.

ಸ್ಕ್ರೀನ್ ರೀಡರ್ ಎಂದರೇನು?

ಕಾರು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಟೆಡ್ ಹೆಂಟರ್ 1980ರ ದಶಕದ ಕೊನೆಯಲ್ಲಿ 'ಜಾಸ್' ಎಂಬ ಸ್ಕ್ರೀನ್ ರೀಡರ್ ತಂದರು. ಕಂಪ್ಯೂಟರ್ ಪರದೆ ಮೇಲಿನ ಪಠ್ಯವನ್ನು ಅದು ಓದುತ್ತಿತ್ತು. ಆದರೆ ಲೈಸೆನ್ಸ್‌ನ ಬೆಲೆ ಭಾರತದ ವಿದ್ಯಾರ್ಥಿಗಳಿಗೆ ನಿಲುಕುವಂತಿರಲಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕಲ್ ಕರನ್ 'ಎನ್‌ವಿಡಿಎ' ಎಂಬ ಉಚಿತ ಸ್ಕ್ರೀನ್ ರೀಡರ್ ಬರೆಯತೊಡಗಿದರು. ಅವರ ಗೆಳೆಯ ಜೇಮ್ಸ್ ಟೆ, ಅವರೂ ಅಂಧರೇ, ಜೊತೆಗೂಡಿದರು. ಅದರೊಂದಿಗೆ ಬರುವ ಇ-ಸ್ಪೀಕ್ ಎಂಬ ಉಚಿತ ದನಿ ಕನ್ನಡವನ್ನೂ ಓದುತ್ತದೆ. ಅಂಧರಿಗಾಗಿ ಅಂಧರೇ ಮಾಡಿದ ಈ ತಂತ್ರಾಂಶವನ್ನು ಇಂದು ಪ್ರಪಂಚದ ಎಲ್ಲೆಡೆ ಬಳಸುತ್ತಾರೆ.

ಫೋನ್‌ಗೆ ಬದಲಾವಣೆ ಬಂದದ್ದು 2009ರಲ್ಲಿ. ಆ ವರ್ಷ ಐಫೋನ್‌ನಲ್ಲಿ ವಾಯ್ಸ್‌ಓವರ್, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಬಂದವು. ಅಂಧರು ಅದಕ್ಕೆ ಪ್ರತ್ಯೇಕವಾಗಿ ದುಡ್ಡು ಕೊಡಬೇಕಿಲ್ಲ, ಬೇರೆ ಫೋನ್ ಕೊಳ್ಳಬೇಕಿಲ್ಲ.

ಬಟನ್‌ಗಳೇ ಇಲ್ಲದ ನುಣುಪು ಗಾಜನ್ನು ಅಂಧರು ಬಳಸುವುದು ಹೇಗೆ? ಟಾಕ್‌ಬ್ಯಾಕ್ ಆನ್ ಆದಾಗ ಸ್ಪರ್ಶದ ಅರ್ಥವೇ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಅದು ತೆರೆಯುವುದಿಲ್ಲ, ಬೆರಳ ಕೆಳಗೆ ಏನಿದೆ ಎಂದು ಹೇಳುತ್ತದೆ. ತೆರೆಯಲು ಎರಡು ಸಲ ತಟ್ಟಬೇಕು. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನ ಅಂಶ, ಎಡಕ್ಕೆ ಸರಿಸಿದರೆ ಹಿಂದಿನದು. ಪುಟವನ್ನು ಮೇಲೆ ಕೆಳಗೆ ಸರಿಸಲು ಎರಡು ಬೆರಳು. ಇಷ್ಟನ್ನು ರೂಢಿಸಿಕೊಂಡವರು ಸಂದೇಶ ಓದುವುದು, ಹಣ ಕಳಿಸುವುದು, ರೈಲು ಟಿಕೆಟ್ ಮಾಡುವುದು, ಎಲ್ಲವನ್ನೂ ಮಾಡುತ್ತಾರೆ. ಪರದೆ ಆರಿಸಿಯೇ ಬಳಸುವವರೂ ಇದ್ದಾರೆ. ಬ್ಯಾಟರಿ ಉಳಿಯುತ್ತದೆ, ಪಕ್ಕದವರು ಇಣುಕುವುದೂ ತಪ್ಪುತ್ತದೆ.

ಅಂದಹಾಗೆ, ಮನೆಯಲ್ಲಿ ಯಾರದ್ದಾದರೂ ಫೋನ್ ಇದ್ದಕ್ಕಿದ್ದಂತೆ ಮಾತಾಡತೊಡಗಿ, ಒಂದು ಸಲ ಮುಟ್ಟಿದರೆ ಏನೂ ತೆರೆಯದಿದ್ದರೆ ಅದು ವೈರಸ್ ಅಲ್ಲ, ಹ್ಯಾಕ್ ಆಗಿರುವುದೂ ಅಲ್ಲ. ಬಹುತೇಕ ಟಾಕ್‌ಬ್ಯಾಕ್ ಕೈತಪ್ಪಿ ಆನ್ ಆಗಿರುತ್ತದೆ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ವಾಲ್ಯೂಮ್‌ನ ಎರಡೂ ಬಟನ್‌ಗಳನ್ನು ಕೆಲವು ಸೆಕೆಂಡ್ ಒಟ್ಟಿಗೆ ಒತ್ತಿ ಹಿಡಿದರೆ ಆಫ್ ಆಗುತ್ತದೆ.

ಕನ್ನಡಕ್ಕೆ ಇರುವ ತೊಡಕು ಏನು?

ಉಚ್ಚಾರಣೆಯ ದೃಷ್ಟಿಯಿಂದ ಕನ್ನಡ ಸ್ಕ್ರೀನ್ ರೀಡರ್‌ಗೆ ಅನುಕೂಲದ ಭಾಷೆ. ನಾವು ಬರೆದಂತೆಯೇ ಬಹುಮಟ್ಟಿಗೆ ಓದುತ್ತೇವೆ. ತೊಡಕು ಇರುವುದು ಅಕ್ಷರಗಳು ಕಂಪ್ಯೂಟರ್‌ನ ಒಳಗೆ ಹೇಗೆ ಉಳಿದಿವೆ ಎಂಬುದರಲ್ಲಿ.

ಕಂಪ್ಯೂಟರ್ ಅಕ್ಷರದ ಆಕಾರವನ್ನು ನೆನಪಿಟ್ಟುಕೊಳ್ಳುವುದಿಲ್ಲ, ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿರುವ ವ್ಯವಸ್ಥೆಯೇ ಯೂನಿಕೋಡ್. ಅದರಲ್ಲಿ ಕನ್ನಡದ 'ಕ' ಅಕ್ಷರದ ಸಂಖ್ಯೆ 3221. ಈ ಸಂಖ್ಯೆ ಕಂಡ ತಕ್ಷಣ ಸ್ಕ್ರೀನ್ ರೀಡರ್ ಇದು ಕನ್ನಡದ 'ಕ' ಎಂದು ತಿಳಿದು ಓದುತ್ತದೆ.

ಆದರೆ ಯೂನಿಕೋಡ್ ಬಳಕೆಗೆ ಬರುವ ಮುನ್ನವೇ ನಮ್ಮಲ್ಲಿ ಡಿಟಿಪಿ ಕೆಲಸ ಶುರುವಾಗಿತ್ತು. ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರ್‌ಗೆ ತಂದವು. ಆಗ ಬೇರೆ ದಾರಿ ಇರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದರು. ನುಡಿಯ ಹಳೆಯ ಫಾಂಟ್‌ನಲ್ಲಿ 'ಕ' ಎಂದು ಬರೆದರೆ ಕಡತದ ಒಳಗೆ ಉಳಿಯುವುದು ಇಂಗ್ಲಿಷ್‌ನ ದೊಡ್ಡ 'ಪಿ' ಮತ್ತು ತಲೆಯ ಮೇಲೆ ಗೆರೆ ಇರುವ ಒಂದು 'ಎ'. ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಇಂಗ್ಲಿಷ್ ಗೀಚು. ಸ್ಕ್ರೀನ್ ರೀಡರ್ ಆ ಗೀಚನ್ನೇ ಓದುತ್ತದೆ. ಕೇಳುವವರಿಗೆ ಒಂದು ಪದವೂ ಅರ್ಥವಾಗುವುದಿಲ್ಲ.

ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. ಆದರೂ ಹಳೆಯ ಫಾಂಟ್‌ನ ರೂಢಿ ಕಚೇರಿಗಳಲ್ಲೂ ಮುದ್ರಣಾಲಯಗಳಲ್ಲೂ ಪೂರ್ತಿ ಹೋಗಿಲ್ಲ. ಹಾಗೆ ತಯಾರಾದ ಸುತ್ತೋಲೆ, ನೋಟ್ಸ್, ಪ್ರಶ್ನೆಪತ್ರಿಕೆ ಪಿಡಿಎಫ್ ಆಗಿ ಫೋನಿಂದ ಫೋನಿಗೆ ಓಡಾಡುತ್ತಲೇ ಇವೆ. ಯಾವ ಹೊಸ ಆ್ಯಪ್‌ಗೂ ಕಾಯದೆ, ಟೈಪ್ ಮಾಡುವವರ ಕೈಯಲ್ಲೇ ಬಗೆಹರಿಯುವ ಸಮಸ್ಯೆ ಇದು.

ಚಿತ್ರದಲ್ಲಿರುವ ಅಕ್ಷರವನ್ನು ಫೋನ್ ಓದಲಾರದೇ?

ಓದಬಲ್ಲದು, ಆದರೆ ಸಲೀಸಾಗಿ ಅಲ್ಲ. ಚಿತ್ರದಲ್ಲಿ ಅಕ್ಷರಗಳಿಲ್ಲ, ಬಣ್ಣದ ಚುಕ್ಕಿಗಳಷ್ಟೇ ಇರುತ್ತವೆ. ಆ ಚುಕ್ಕಿಗಳಲ್ಲಿ ಅಕ್ಷರದ ಆಕಾರ ಹುಡುಕಿ ಪಠ್ಯವಾಗಿ ಬದಲಿಸುವ ತಂತ್ರಕ್ಕೆ ಒಸಿಆರ್ ಎನ್ನುತ್ತಾರೆ. ಇಂಗ್ಲಿಷ್‌ಗೆ ಇದು ಬಹಳ ಹಿಂದೆಯೇ ಪಳಗಿದೆ. ಕನ್ನಡದಲ್ಲಿ ಗುಣಿತದ ಚಿಹ್ನೆ ಅಕ್ಷರಕ್ಕೇ ಅಂಟಿಕೊಂಡಿರುತ್ತದೆ, ಒತ್ತಕ್ಷರ ಕೆಳಗಿರುತ್ತದೆ. 'ದ'ಗೂ 'ಧ'ಗೂ ಇರುವ ವ್ಯತ್ಯಾಸ ಒಂದು ಸಣ್ಣ ಗೆರೆ. ಫೋಟೊ ಮಸುಕಾಗಿದ್ದರೆ ಆ ಗೆರೆ ಮಾಯ. ಹಳೆಯ ಅಚ್ಚಿನ ಪುಸ್ತಕಗಳಲ್ಲಂತೂ ಅಕ್ಷರಗಳೇ ಅಲ್ಲಲ್ಲಿ ಮುರಿದಿರುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ 'ಲಿಪಿ ಜ್ಞಾನಿ' ಎಂಬ ಕನ್ನಡ ಒಸಿಆರ್ ರೂಪಿಸಿದೆ. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತವನ್ನೂ ಗುರುತಿಸುವುದು ಅದರ ಗುರಿ. ಟೆಸರಾಕ್ಟ್ ಎಂಬ ಉಚಿತ ಒಸಿಆರ್, ಗೂಗಲ್ ಡ್ರೈವ್‌ನ ಒಸಿಆರ್ ಕೂಡ ಕನ್ನಡ ಓದುತ್ತವೆ. ಶುಭ್ರವಾಗಿ ಅಚ್ಚಾದ ಪುಟವಾದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ.

ಕ್ಯಾಮೆರಾದ ಎದುರು ಹಿಡಿದದ್ದನ್ನು ವಿವರಿಸುವ ಆ್ಯಪ್‌ಗಳೂ ಬಂದಿವೆ. ಡೆನ್ಮಾರ್ಕ್‌ನಲ್ಲಿ ಹುಟ್ಟಿದ 'ಬಿ ಮೈ ಐಸ್' 2015ರಲ್ಲಿ ಬಂದಾಗ ಅಂಧರನ್ನು ವಿಡಿಯೊ ಕರೆಯಲ್ಲಿ ಸ್ವಯಂಸೇವಕರ ಜೊತೆ ಜೋಡಿಸುತ್ತಿತ್ತು. ಹಾಲಿನ ಪ್ಯಾಕೆಟ್ ಮೇಲಿನ ದಿನಾಂಕ ಓದಿ ಹೇಳಿ ಎಂದರೆ ಇನ್ನೆಲ್ಲೋ ಇದ್ದವರು ಓದಿ ಹೇಳುತ್ತಿದ್ದರು. 2023ರಿಂದ ಅದರಲ್ಲಿ ಕೃತಕ ಬುದ್ಧಿಮತ್ತೆಯೂ ಚಿತ್ರ ನೋಡಿ ವಿವರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಒಸಿಆರ್ ತಪ್ಪಿದರೆ ಪದ ವಿಚಿತ್ರವಾಗಿ ಕೇಳಿಸಿ ತಪ್ಪು ಗೊತ್ತಾಗಿಬಿಡುತ್ತದೆ. ಕೃತಕ ಬುದ್ಧಿಮತ್ತೆ ತಪ್ಪಿದಾಗ ಹಾಗಲ್ಲ, ಇಲ್ಲದ್ದನ್ನೂ ಇದೆ ಎಂಬಂತೆ ನಯವಾಗಿ ಹೇಳಿಬಿಡುತ್ತದೆ. ಮಾತ್ರೆಯ ಹೆಸರು, ಔಷಧದ ಪ್ರಮಾಣ, ಬ್ಯಾಂಕಿನ ಮೊತ್ತ ಇಂಥವನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳುವುದೇ ಕ್ಷೇಮ.

ತಂತ್ರಜ್ಞಾನದ ಜೊತೆ ಕಾನೂನೂ ಬದಲಾಗಬೇಕಾಯಿತು

ಪುಸ್ತಕವನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸುವುದು ಸಾಧ್ಯವಾದರೂ ಹಾಗೆ ಪ್ರತಿ ಮಾಡಿ ಹಂಚುವುದು ಕೃತಿಸ್ವಾಮ್ಯದ ಉಲ್ಲಂಘನೆ ಆಗುತ್ತಿತ್ತು. 2012ರಲ್ಲಿ ಭಾರತ ತನ್ನ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು, ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕಗಳನ್ನು ಲಾಭದ ಉದ್ದೇಶವಿಲ್ಲದೆ ಬದಲಿಸಲು ಅವಕಾಶ ಕೊಟ್ಟಿತು. 2013ರಲ್ಲಿ ಮೊರಾಕ್ಕೊದ ಮರ್ರಾಕೆಶ್ ನಗರದಲ್ಲಿ ಇದೇ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದನ್ನು 2014ರಲ್ಲಿ ಅನುಮೋದಿಸಿದ ಭಾರತ, ಹಾಗೆ ಮಾಡಿದ ಮೊದಲ ದೇಶ. ಒಪ್ಪಂದ ಜಾರಿಗೆ ಬಂದದ್ದು 2016ರಲ್ಲಿ. ಈ ಒಪ್ಪಂದದಿಂದ ಒಂದು ದೇಶದಲ್ಲಿ ತಯಾರಾದ ಪ್ರತಿಯನ್ನು ಸದಸ್ಯರಾದ ಇನ್ನೊಂದು ದೇಶದ ಅಂಧರಿಗೂ ಕಳಿಸಬಹುದು.

2016ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಅಂಗವಿಕಲರ ಸಬಲೀಕರಣ ಇಲಾಖೆ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯ ಆರಂಭಿಸಿತು. ಅಚ್ಚಾದ ಪುಸ್ತಕ ಓದಲಾಗದವರು ನೋಂದಾಯಿಸಿಕೊಂಡು ಅಲ್ಲಿಂದ ಪುಸ್ತಕಗಳನ್ನು ಇಳಿಸಿಕೊಳ್ಳಬಹುದು. ನಿಮ್ಮ ಪರಿಚಯದಲ್ಲಿ ಅಂಧ ವಿದ್ಯಾರ್ಥಿಗಳಿದ್ದರೆ ಈ ಮಾಹಿತಿ ತಿಳಿಸಿ.

ತಪ್ಪು ಕಲ್ಪನೆ ಮತ್ತು ವಾಸ್ತವ

ತಪ್ಪು ಕಲ್ಪನೆ: ಮೊಬೈಲ್ ಬಂದ ಮೇಲೆ ಬ್ರೈಲ್ ಬೇಕಿಲ್ಲ.
ವಾಸ್ತವ: ಕೇಳುವುದು ಬೇರೆ, ಅಕ್ಷರ ಬಲ್ಲವರಾಗುವುದು ಬೇರೆ. ಕೇಳಿಯೇ ಕಲಿತ ಮಗುವಿಗೆ ಪದದಲ್ಲಿ ಎಲ್ಲಿ ಒತ್ತು ಇದೆ, ಎಲ್ಲಿ ಮಹಾಪ್ರಾಣ ಇದೆ ಎಂಬುದು ಸ್ಪಷ್ಟವಾಗುವುದಿಲ್ಲ. ಗಣಿತಕ್ಕೂ ಬ್ರೈಲ್ ಹೆಚ್ಚು ಅನುಕೂಲ. ಕಣ್ಣು, ಕಿವಿ ಎರಡೂ ಇಲ್ಲದವರಿಗೆ ಬೆರಳೇ ದಾರಿ. ತಂತ್ರಜ್ಞಾನ ಬ್ರೈಲ್ ಅನ್ನು ಅಳಿಸಿಲ್ಲ, ಹಗುರ ಮಾಡಿದೆ. ಬ್ರೈಲ್ ಡಿಸ್‌ಪ್ಲೇ ಎಂಬ ಉಪಕರಣದಲ್ಲಿ ಚುಕ್ಕಿಗಳು ಮೇಲೆದ್ದು ಇಳಿದು ಒಂದೊಂದೇ ಸಾಲನ್ನು ತೋರಿಸುತ್ತವೆ. ಅದರ ಬೆಲೆ ಇನ್ನೂ ಹೆಚ್ಚೇ ಇದೆ. ಕಡಿಮೆ ಬೆಲೆಗೆ ಕೊಡುವ ಪ್ರಯತ್ನವಾಗಿ ಆರ್ಬಿಟ್ ರೀಡರ್, ಐಐಟಿ ದೆಹಲಿಯ ಡಾಟ್‌ಬುಕ್ ಬಂದಿವೆ. ಮಕ್ಕಳಿಗೆ ಬ್ರೈಲ್ ಕಲಿಸುವ 'ಆ್ಯನಿ' ಎಂಬ ಉಪಕರಣ ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್‌ನದು.

ತಪ್ಪು ಕಲ್ಪನೆ: ಅಂಧರೆಂದರೆ ಏನೂ ಕಾಣದವರು.
ವಾಸ್ತವ: ದೃಷ್ಟಿ ಸಮಸ್ಯೆ ಇರುವವರಲ್ಲಿ ಅನೇಕರಿಗೆ ಸ್ವಲ್ಪ ಕಾಣುತ್ತದೆ. ಅವರಿಗೆ ದೊಡ್ಡ ಅಕ್ಷರ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಸಾಕಾಗಬಹುದು. ಹಳದಿ ಮೇಲೆ ಬಿಳಿ ಅಕ್ಷರ ಇರುವ ಪೋಸ್ಟರ್ ಅವರಿಗೂ ಓದಲಾಗದು.

ತಪ್ಪು ಕಲ್ಪನೆ: ಅಂಧರಿಗೆ ಹುಟ್ಟಿನಿಂದಲೇ ಕಿವಿ ಚುರುಕು, ಅದಕ್ಕೇ ಅಷ್ಟು ವೇಗವಾಗಿ ಕೇಳಬಲ್ಲರು.
ವಾಸ್ತವ: ಸ್ಕ್ರೀನ್ ರೀಡರ್ ಅನ್ನು ನಮಗೆ ಅರ್ಥವೇ ಆಗದ ವೇಗದಲ್ಲಿ ಕೇಳುವವರಿದ್ದಾರೆ ನಿಜ. ಅದು ದಿನವೂ ಕೇಳಿ ಕೇಳಿ ಬಂದ ಅಭ್ಯಾಸ. ಮೊದಲ ದಿನ ಎಲ್ಲರೂ ನಿಧಾನವಾಗಿಯೇ ಶುರು ಮಾಡುತ್ತಾರೆ.

ಕಳಿಸುವ ಮುನ್ನ ಹೀಗೆ ಮಾಡಿ

1. ಮುಖ್ಯ ವಿಷಯವನ್ನು ಟೈಪ್ ಮಾಡಿ. ಚಿತ್ರವೇ ಕಳಿಸಬೇಕೆಂದಿದ್ದರೆ ಅದರ ಕೆಳಗೆ ಎರಡು ಸಾಲು ಬರೆಯಿರಿ: ಏನು, ಯಾವಾಗ, ಎಲ್ಲಿ, ಯಾರನ್ನು ಸಂಪರ್ಕಿಸಬೇಕು. ಬರೆಯಲು ಸಮಯವಿಲ್ಲದಿದ್ದರೆ ಧ್ವನಿ ಸಂದೇಶ ಕಳಿಸಿ.

2. ಸ್ಕ್ರೀನ್‌ಶಾಟ್ ಬದಲು ಲಿಂಕ್ ಕಳಿಸಿ. ಸುದ್ದಿಯ ಮೂಲ ಯಾವುದೆಂದು ಪರಿಶೀಲಿಸಲು ಇದು ಎಲ್ಲರಿಗೂ ಅನುಕೂಲ.

3. ಪಿಡಿಎಫ್ ಪರೀಕ್ಷಿಸಿ. ಒಂದು ಸಾಲನ್ನು ಬೆರಳಲ್ಲಿ ಒತ್ತಿ ಹಿಡಿದು ಕಾಪಿ ಮಾಡಿ, ಸಂದೇಶದ ಜಾಗದಲ್ಲಿ ಪೇಸ್ಟ್ ಮಾಡಿ. ಸಾಲನ್ನು ಆಯ್ಕೆ ಮಾಡಲೇ ಆಗದಿದ್ದರೆ ಅದು ಚಿತ್ರ. ಪೇಸ್ಟ್ ಮಾಡಿದಾಗ ಇಂಗ್ಲಿಷ್ ಗೀಚು ಬಂದರೆ ಹಳೆಯ ಫಾಂಟ್. ಕನ್ನಡವಾಗಿಯೇ ಉಳಿದರೆ ಸ್ಕ್ರೀನ್ ರೀಡರ್ ಓದುವ ಸಾಧ್ಯತೆ ಹೆಚ್ಚು. ಹಳೆಯ ಫಾಂಟ್‌ನಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ.

4. ಕನ್ನಡವನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಫೋನ್ ಇಂಗ್ಲಿಷ್ ಎಂದೇ ತಿಳಿದು ಓದುತ್ತದೆ.

5. ಎಮೋಜಿ ಮಿತವಾಗಿರಲಿ. ಪ್ರತಿ ಎಮೋಜಿಯ ಹೆಸರನ್ನೂ ಸ್ಕ್ರೀನ್ ರೀಡರ್ ಓದುತ್ತದೆ. ಸಾಲಾಗಿ ಹತ್ತು ಕೈಮುಗಿಯುವ ಎಮೋಜಿ ಹಾಕಿದರೆ, ಕೇಳುವವರು ಆ ಹೆಸರನ್ನು ಮತ್ತೆ ಮತ್ತೆ ಕೇಳಬೇಕಾಗಬಹುದು.

6. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಚಿತ್ರ ಹಾಕುವಾಗ 'ಆಲ್ಟ್ ಟೆಕ್ಸ್ಟ್' ಎಂಬ ಆಯ್ಕೆ ಇರುತ್ತದೆ. ಚಿತ್ರದಲ್ಲಿ ಏನಿದೆ ಎಂದು ಅಲ್ಲಿ ಒಂದು ವಾಕ್ಯ ಬರೆದರೆ ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ.

ಕೊನೆಯದಾಗಿ

ಒಂದು ಕಾಲಕ್ಕೆ ಅಂಧರು ದಿನಪತ್ರಿಕೆ ಓದಬೇಕೆಂದರೆ ಯಾರಾದರೂ ಬಿಡುವು ಮಾಡಿಕೊಂಡು ಓದಿ ಹೇಳಬೇಕಿತ್ತು. ಪರರ ಬಿಡುವಿಗೆ ಕಾಯದೆ, ತನಗೆ ಬೇಕಾದದ್ದನ್ನು ಬೇಕಾದಾಗ, ಗುಟ್ಟಾಗಿ ಓದಿಕೊಳ್ಳುವ ಸ್ವಾತಂತ್ರ್ಯವನ್ನು ತಂತ್ರಜ್ಞಾನ ಕೊಟ್ಟಿದೆ. ಬ್ಯಾಂಕಿನ ಸಂದೇಶ, ವೈದ್ಯರ ವರದಿ, ಸ್ವಂತ ಪತ್ರ ಇವನ್ನೆಲ್ಲ ಬೇರೆಯವರಿಂದ ಓದಿಸಿಕೊಳ್ಳಬೇಕಾದವರಿಗೆ ಅದರ ಬೆಲೆ ಗೊತ್ತು. ನಾವು ಯೋಚಿಸದೆ ಕಳಿಸುವ ಒಂದು ಚಿತ್ರ ಅವರನ್ನು ಮತ್ತೆ 'ಸ್ವಲ್ಪ ಓದಿ ಹೇಳ್ತೀರಾ?' ಎಂದು ಕೇಳುವ ಸ್ಥಿತಿಗೆ ತಳ್ಳುತ್ತದೆ.

ಈ ಲೇಖನ ಉಪಯುಕ್ತ ಎನಿಸಿದರೆ ಹಂಚಿಕೊಳ್ಳಿ. ಆದರೆ ದಯವಿಟ್ಟು ಸ್ಕ್ರೀನ್‌ಶಾಟ್ ಬೇಡ, ಲಿಂಕ್ ಕಳಿಸಿ.